ಗಂಡನ ಕಣ್ಣಿಗೆ ಬೆಣ್ಣೆ, ಹೆಂಡತಿಯ ಕಣ್ಣಿಗೆ ಸುಣ್ಣ

ಪ್ರಶ್ನೆ: ನಮ್ಮ ಓದುಗರ ಗುಂಪಿನಲ್ಲಿ ಈಚೆಗೆ ಶೇಕ್ಸ್‌ಪಿಯರನ 'ಒಥೆಲೊ' ಓದಿದೆವು. ಡೆಸ್ಡಿಮೋನಾ ಯಾವ ತಪ್ಪೂ ಮಾಡಿರಲಿಲ್ಲ, ಗಂಡ ಒಥೆಲೊನ ಬರೀ ಅನುಮಾನಕ್ಕೆ ಪ್ರಾಣ ಕಳೆದುಕೊಂಡಳು. ಅದೇ ನಾಟಕದಲ್ಲಿ ಒಥೆಲೊನ ಕೈಕೆಳಗಿನ ಅಧಿಕಾರಿ ಕ್ಯಾಸಿಯೊ ಬಿಯಾಂಕಾ ಎಂಬ ಹೆಂಗಸಿನ ಸಹವಾಸದಲ್ಲಿರುತ್ತಾನೆ. ಅವನನ್ನು ಯಾರೂ ಏನೂ ಅನ್ನುವುದಿಲ್ಲ, ಕೊನೆಗೆ ಸೈಪ್ರಸ್ಸಿನ ಅಧಿಕಾರ ಅವನಿಗೇ ಸಿಗುತ್ತದೆ. ಯುರೋಪಿನ ರೆನೆಸಾನ್ಸ್ (ಪುನರುಜ್ಜೀವನ) ಕಾಲದ ಬರಹಗಾರರಿಗೆ ಈ ಭೇದ ಕಾಣಿಸುತ್ತಲೇ ಇರಲಿಲ್ಲವೇ? ಕಂಡಿದ್ದರೆ ಯಾಕೆ ಸುಮ್ಮನಿದ್ದರು? ಈ ವಿಷಯದಲ್ಲಿ ಇನ್ನೇನು ಓದಬಹುದು?

ಉತ್ತರ: ಕಾಣಿಸುತ್ತಿತ್ತು. ಚೆನ್ನಾಗಿಯೇ ಕಾಣಿಸುತ್ತಿತ್ತು. ಸುಮ್ಮನೆಯೂ ಇರಲಿಲ್ಲ. ಕ್ಯಾಸಿಯೊಗೆ ಮದುವೆಯಾದಂತೆ ಕಾಣುವುದಿಲ್ಲ, ಅಷ್ಟರಮಟ್ಟಿಗೆ ಅವನದು ಹಾದರವಲ್ಲ ಅನ್ನಿ. ಆದರೆ ನಿಮ್ಮ ಪ್ರಶ್ನೆ ಸರಿಯಾದ ಕಡೆಗೇ ಬೊಟ್ಟು ಮಾಡುತ್ತಿದೆ. ನೀವು ಕೇಳಿದ್ದನ್ನು ಅದೇ ನಾಟಕದಲ್ಲಿ ಒಬ್ಬಳು ನಿಮಗಿಂತ ಖಾರವಾಗಿ ಕೇಳಿದ್ದಾಳೆ. ನಾಲ್ಕನೇ ಅಂಕ, ಮೂರನೇ ದೃಶ್ಯ. ಡೆಸ್ಡಿಮೋನಾ ಮಲಗಲು ಹೊರಟಿದ್ದಾಳೆ. ಸಖಿ ಎಮಿಲಿಯಾ ಅವಳ ಉಡುಪಿನ ಪಿನ್ನುಗಳನ್ನು ಬಿಚ್ಚುತ್ತಿದ್ದಾಳೆ. ಇಡೀ ಜಗತ್ತನ್ನೇ ಕೊಡ್ತೀನಿ ಅಂದರೆ ನೀನು ಗಂಡನಿಗೆ ಮೋಸ ಮಾಡ್ತೀಯಾ ಅಂತ ಡೆಸ್ಡಿಮೋನಾ ಕೇಳುತ್ತಾಳೆ. ಜಗತ್ತು ದೊಡ್ಡದು ಅಮ್ಮಾವ್ರೇ, ಇಷ್ಟು ಸಣ್ಣ ತಪ್ಪಿಗೆ ಅದು ಭಾರಿ ಬೆಲೆಯೇ ಅಂತ ಎಮಿಲಿಯಾ ನಗುತ್ತಾಳೆ. ಆಮೇಲೆ ನಗು ನಿಲ್ಲುತ್ತದೆ. ಹೆಂಡಂದಿರು ಜಾರಿದರೆ ಅದು ಗಂಡಂದಿರದೇ ತಪ್ಪು ಅನ್ನುತ್ತಾಳೆ. ಹೆಂಡತಿಗೂ ಅವರ ಹಾಗೇ ಕಣ್ಣಿದೆ, ಮೂಗಿದೆ, ಸಿಹಿ ಯಾವುದು ಹುಳಿ ಯಾವುದು ಅಂತ ನಾಲಗೆಗೂ ಗೊತ್ತು. ಗಂಡಸರು ನಮ್ಮನ್ನು ಬಿಟ್ಟು ಬೇರೆಯವಳ ಹತ್ತಿರ ಹೋಗುವುದು ಯಾಕೆ? ಮೋಜಿಗೋ, ಆಸೆಗೋ, ಮನಸ್ಸು ಗಟ್ಟಿ ಇಲ್ಲದ್ದಕ್ಕೋ? ಹಾಗಾದರೆ ನಮಗೆ ಮೋಜು ಬೇಡವೇ, ಆಸೆ ಇಲ್ಲವೇ, ನಮ್ಮ ಮನಸ್ಸು ಮಾತ್ರ ಕಲ್ಲೇ?

ಇದು 1603–04ರ ಸುಮಾರಿಗೆ ಬರೆದ ನಾಟಕ. ಆಗ ಇಂಗ್ಲೆಂಡಿನ ರಂಗದ ಮೇಲೆ ಹೆಂಗಸರ ಪಾತ್ರವನ್ನು ಹುಡುಗರೇ ಮಾಡುತ್ತಿದ್ದರು. ಹಾಗಾಗಿ ಈ ಮಾತನ್ನು ಮೊದಲು ಆಡಿದ್ದೂ ಗೌನು ತೊಟ್ಟ ಒಬ್ಬ ಹುಡುಗನೇ. ಇನ್ನೂ ಒಂದು ಸ್ವಾರಸ್ಯವಿದೆ. ನಾಟಕ ಮೊದಲು ಅಚ್ಚಾದದ್ದು 1622ರಲ್ಲಿ. ಆ ಪ್ರತಿಯಲ್ಲಿ ಎಮಿಲಿಯಾಳ ಈ ಮಾತು ಇಲ್ಲ. ಮರುವರ್ಷ, 1623ರಲ್ಲಿ ಬಂದ ಶೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟದಲ್ಲಿ ಇದೆ. ಮೊದಲೇ ಇದ್ದದ್ದನ್ನು ಕತ್ತರಿಸಿದರೋ, ಆಮೇಲೆ ಸೇರಿಸಿದರೋ ಅಂತ ವಿದ್ವಾಂಸರು ಇವತ್ತಿಗೂ ಕಿತ್ತಾಡುತ್ತಾರೆ.

ಸರಿ, ಎಮಿಲಿಯಾ ಕೇಳಿದಳು. ಆಮೇಲೆ ಅವಳಿಗೆ ಏನಾಯಿತು? ಕೊನೆಯ ದೃಶ್ಯದಲ್ಲಿ ಅವಳ ಗಂಡ ಇಯಾಗೊ ಅವಳಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗು ಅನ್ನುತ್ತಾನೆ. ಗಂಡನ ಮಾತು ಕೇಳಬೇಕಾದದ್ದು ನಿಜ, ಆದರೆ ಈಗಲ್ಲ ಅನ್ನುತ್ತಾಳೆ. ಬಹುಶಃ ಇನ್ನು ಮನೆಗೆ ಹೋಗುವುದೇ ಇಲ್ಲ ಅಂತಲೂ ಸೇರಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಗಂಡನೇ ಇರಿದು ಕೊಲ್ಲುತ್ತಾನೆ.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ಆ ಕಾಲದ ಕಥೆಗಾರರು ಪ್ರಶ್ನೆಯನ್ನು ಕೇಳಲು ಬಿಡುತ್ತಾರೆ. ಉತ್ತರ ಕೊಡುವ ಹೊತ್ತಿಗೆ ಕಥೆ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಹೇಗೆ ಸರಿಯುತ್ತದೆ ಅಂತ ನೋಡುವುದರಲ್ಲೇ ಓದಿನ ರುಚಿ ಇರುವುದು.

ಎರಡೂವರೆ ಶತಮಾನ ಹಿಂದಕ್ಕೆ ಹೋಗಿ. 1348ರ ಪ್ಲೇಗ್ ಆದ ಮೇಲೆ ಇಟಲಿಯ ಬೊಕ್ಕಾಚಿಯೊ 'ಡೆಕಮೆರಾನ್' ಬರೆದ. ಹತ್ತು ಜನ ಗೆಳೆಯ ಗೆಳತಿಯರು ಹತ್ತು ದಿನ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳ ಪುಸ್ತಕ ಅದು. ಅದರ ಆರನೇ ದಿನದ ಏಳನೇ ಕಥೆ ಪ್ರಾಟೊ ಎಂಬ ಊರಿನದು. ಅಲ್ಲೊಂದು ಕಾನೂನಿದೆ. ಗಂಡನ ಕೈಗೆ ಪ್ರಿಯಕರನ ಜೊತೆ ಸಿಕ್ಕಿಬಿದ್ದ ಹೆಂಡತಿಯನ್ನು ಸುಡಬೇಕು. ದುಡ್ಡಿಗೆ ಹೋದವಳಿಗೂ ಪ್ರೀತಿಗೆ ಹೋದವಳಿಗೂ ಒಂದೇ ಬೆಂಕಿ. ಫಿಲಿಪ್ಪಾ ಎಂಬ ಹೆಂಗಸು ತನ್ನ ಕೋಣೆಯಲ್ಲೇ ಲಾಜಾರಿನೊ ಎಂಬ ಯುವಕನ ತೋಳಲ್ಲಿ ಸಿಕ್ಕಿಬೀಳುತ್ತಾಳೆ. ಗಂಡ ರಿನಾಲ್ಡೊ ಅವರನ್ನು ಅಲ್ಲೇ ಕೊಲ್ಲುತ್ತಿದ್ದ. ತನ್ನ ತಲೆಗೆ ಬಂದೀತು ಅಂತ ಹೆದರಿ ತಡೆದುಕೊಳ್ಳುತ್ತಾನೆ, ನ್ಯಾಯಾಧಿಕಾರಿಗೆ ದೂರು ಕೊಡುತ್ತಾನೆ. ಓಡಿಹೋಗು, ಇಲ್ಲವೇ ಒಪ್ಪಿಕೊಳ್ಳಬೇಡ ಅಂತ ಹಿತೈಷಿಗಳು ಹೇಳುತ್ತಾರೆ. ಅವಳು ಕೇಳುವುದಿಲ್ಲ. ನ್ಯಾಯಾಧಿಕಾರಿಗೂ ಅವಳನ್ನು ಕಂಡು ಅಯ್ಯೋ ಅನಿಸುತ್ತದೆ. ಒಪ್ಪಿಕೊಳ್ಳದೇ ಇರಲಿ ಅಂತ ಅವನೇ ಬಯಸುತ್ತಿರುತ್ತಾನೆ.

ಫಿಲಿಪ್ಪಾ ನೆಟ್ಟಗೆ ಒಪ್ಪಿಕೊಳ್ಳುತ್ತಾಳೆ. ಹೌದು, ನಾನು ಅವನ ಜೊತೆ ಇದ್ದೆ, ಬಹಳ ಸಲ ಇದ್ದೆ. ಆದರೆ ಕಾನೂನು ಅಂದರೆ ಎಲ್ಲರಿಗೂ ಒಂದೇ ಇರಬೇಕಲ್ಲವೇ? ಯಾರಿಗೆ ಅನ್ವಯಿಸುತ್ತದೋ ಅವರ ಒಪ್ಪಿಗೆ ಬೇಕಲ್ಲವೇ? ಇದು ಹೆಂಗಸರನ್ನು ಮಾತ್ರ ಕಟ್ಟಿಹಾಕುತ್ತದೆ. ಮಾಡುವಾಗ ಒಬ್ಬ ಹೆಂಗಸನ್ನಾದರೂ ಕರೆದು ಕೇಳಿದಿರಾ?

ಇಷ್ಟು ಹೇಳಿ ಅವಳು ಇನ್ನೊಂದು ಪ್ರಶ್ನೆ ಹಾಕಿಸುತ್ತಾಳೆ. ನನ್ನ ಗಂಡ ಬಯಸಿದಾಗಲೆಲ್ಲ ನಾನು ಒಲ್ಲೆ ಅನ್ನದೆ ಒಪ್ಪಿದ್ದೇನೋ ಇಲ್ಲವೋ, ಅವನನ್ನೇ ಕೇಳಿ. ನ್ಯಾಯಾಧಿಕಾರಿ ಬಾಯಿ ತೆರೆಯುವ ಮೊದಲೇ ರಿನಾಲ್ಡೊ ಹೌದು ಅಂದುಬಿಡುತ್ತಾನೆ. ಅಲ್ಲಿಗೆ ಕೇಸು ಸೋತ. ಅವನಿಗೆ ಬೇಕಾದ್ದನ್ನೆಲ್ಲ ಅವನು ತೆಗೆದುಕೊಂಡ ಮೇಲೂ ಉಳಿಯಿತಲ್ಲ, ಅದನ್ನು ನಾನೇನು ಮಾಡಲಿ, ನಾಯಿಗೆ ಹಾಕಲೇ? ನನ್ನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವವನಿಗೆ ಬಡಿಸುವುದು ಮೇಲಲ್ಲವೇ? ನಾನು ಈ ಕಥೆ ಪಾಠ ಮಾಡಿದಾಗಲೆಲ್ಲ ಇಲ್ಲಿ ಕ್ಲಾಸು ಘೊಳ್ಳೆಂದು ನಕ್ಕಿದೆ. ಪ್ರಾಟೊದ ಜನರೂ ನಗುತ್ತಾರೆ. ಅವಳು ಹೇಳಿದ್ದೇ ಸರಿ ಅಂತ ಕೂಗುತ್ತಾರೆ. ಅಲ್ಲೇ ನಿಂತ ಹಾಗೇ ಕಾನೂನು ಬದಲಾಗುತ್ತದೆ.

ಹೇಗೆ ಬದಲಾಗುತ್ತದೆ ಅನ್ನುವುದನ್ನು ಮಾತ್ರ ಎರಡು ಸಲ ಓದಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಮಾಡುವುದಿಲ್ಲ. ಇನ್ನು ಮುಂದೆ ದುಡ್ಡಿಗಾಗಿ ಗಂಡನಿಗೆ ಮೋಸ ಮಾಡಿದವಳನ್ನು ಮಾತ್ರ ಸುಡುವುದು ಅಂತಾಗುತ್ತದೆ. ಅಂದರೆ ಬೆಂಕಿ ಆರಲಿಲ್ಲ, ಬಡವಳ ಮನೆ ಮುಂದೆ ಹೋಗಿ ನಿಂತಿತು. ಫಿಲಿಪ್ಪಾ ಅನುಕೂಲಸ್ಥೆ, ಮಾತು ಬಲ್ಲವಳು, ಬದುಕಿಕೊಂಡಳು. ಕಥೆ ಹೇಳುವವನು ಒಬ್ಬ ಗಂಡಸು, ಫಿಲೊಸ್ಟ್ರಾಟೊ. ಕೇಳುತ್ತಿದ್ದ ಹೆಂಗಸರು ಮೊದಲು ನಾಚಿ ಕೆಂಪಾದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ತಡೆಯಲಾರದೆ ಒದ್ದಾಡಿದರು ಅಂತ ಬೊಕ್ಕಾಚಿಯೊ ಬರೆಯುತ್ತಾನೆ. ನಗಿಸಿ ಮುಗಿಸಿದ್ದು ಅವನ ಜಾಣತನ.

ಇಟಲಿಯ ಕವಿ ಆರಿಯೊಸ್ಟೊನ 'ಓರ್ಲಾಂಡೊ ಫುರಿಯೋಸೊ' ಕಾವ್ಯದಲ್ಲಿ ಬೇರೆ ಥರದ ಜಾಣತನ. ಇದು ಮೊದಲು ಅಚ್ಚಾದದ್ದು 1516ರಲ್ಲಿ, ಪೂರ್ತಿ ರೂಪಕ್ಕೆ ಬಂದದ್ದು 1532ರಲ್ಲಿ. ನಾಲ್ಕನೇ ಸರ್ಗದಲ್ಲಿ ರಿನಾಲ್ಡೊ ಎಂಬ ವೀರ ಸ್ಕಾಟ್ಲೆಂಡಿನ ಒಂದು ಕ್ರೂರ ಕಾನೂನಿನ ಬಗ್ಗೆ ಕೇಳುತ್ತಾನೆ. ಮದುವೆಯಾಚೆ ಕೂಡಿದಳು ಅಂತ ಆರೋಪ ಬಂದ ಹೆಂಗಸಿನ ಪರ ಯಾವ ವೀರನೂ ಕತ್ತಿ ಹಿಡಿಯದಿದ್ದರೆ ಅವಳು ಸಾಯಬೇಕು. ರಾಜಕುಮಾರಿ ಜಿನೆವ್ರಾ ಮೇಲೆ ಆ ಆರೋಪ ಬಂದಿದೆ. ಅವಳು ಮಾಡಿದ್ದಾಳೋ ಇಲ್ಲವೋ ನನಗೆ ಬೇಕಿಲ್ಲ ಅಂತ ರಿನಾಲ್ಡೊ ಸಿಟ್ಟಾಗುತ್ತಾನೆ. ಗಂಡಸು ಮನಸ್ಸು ಬಂದಷ್ಟು ಹೆಂಗಸರ ಜೊತೆ ಮಾಡಿ ಹೊಗಳಿಸಿಕೊಳ್ಳುವ ಕೆಲಸವನ್ನು ಹೆಂಗಸು ಮಾಡಿದರೆ ಶಿಕ್ಷೆ ಯಾಕೆ ಅಂತ ಕೇಳುತ್ತಾನೆ. ಎಷ್ಟು ನೇರ, ಅಲ್ವಾ? ಮುಂದಿನ ಸರ್ಗದಲ್ಲೇ ಜಿನೆವ್ರಾ ನಿರಪರಾಧಿ ಅಂತ ತಿಳಿಯುತ್ತದೆ. ಎಲ್ಲವೂ ಒಬ್ಬ ದುಷ್ಟನ ಪಿತೂರಿ. ಓದುಗರು ಉಸ್ಸಪ್ಪ ಅನ್ನುತ್ತಾರೆ. ಮಾಡಿದ್ದರೂ ಶಿಕ್ಷೆ ಯಾಕೆ ಅನ್ನುವ ಪ್ರಶ್ನೆ ಮಾತ್ರ ಅಲ್ಲೇ ಬಿದ್ದಿರುತ್ತದೆ.

ಅದೇ ಕಾವ್ಯದ 28ನೇ ಸರ್ಗ ಹೆಂಗಸರು ಹೇಗೆ ನಂಬಿಕೆಗೆ ಅನರ್ಹರು ಅನ್ನುವ ಕಥೆ. ಅದನ್ನು ಹೇಳುವವನು ಒಬ್ಬ ಛತ್ರದ ಯಜಮಾನ. ಹೆಂಗಸರೇ, ಈ ಸರ್ಗ ಓದಬೇಡಿ, ಬಿಟ್ಟರೂ ಕಥೆಗೆ ನಷ್ಟವಿಲ್ಲ ಅಂತ ಕವಿಯೇ ಮೊದಲು ಕೈಮುಗಿಯುತ್ತಾನೆ. ಬಿಡುತ್ತಾರೆಯೇ ಯಾರಾದರೂ? ಅದರಲ್ಲಿ ರಾಣಿಯೊಬ್ಬಳು ಕುಳ್ಳನೊಬ್ಬನಿಗೆ ಮನಸೋತದ್ದನ್ನು ಗೋಡೆಯ ಬಿರುಕಿನಲ್ಲಿ ನೋಡುವ ಸನ್ನಿವೇಶವಿದೆ. ಜನ್ನನ 'ಯಶೋಧರ ಚರಿತೆ' ಓದಿದವರಿಗೆ ಅಮೃತಮತಿಯೂ ಮಾವುತನೂ ನೆನಪಾಗದೆ ಇರಲಾರರು. ಜನ್ನ ಆರಿಯೊಸ್ಟೊಗಿಂತ ಮುನ್ನೂರು ವರ್ಷ ಹಿಂದಿನವನು. ಒಬ್ಬರಿಂದ ಒಬ್ಬರು ತೆಗೆದುಕೊಂಡರು ಅಂತ ಹೇಳುತ್ತಿಲ್ಲ. ಸುಂದರ ಗಂಡನನ್ನು ಬಿಟ್ಟು ಕುರೂಪಿಯ ಹಿಂದೆ ಹೋದ ರಾಣಿಯ ಭಯ ಹಲವು ಊರುಗಳ ಗಂಡಸರಿಗೆ ಇತ್ತು ಅಂತ ಕಾಣುತ್ತದೆ. ಛತ್ರದವನ ಕಥೆ ಮುಗಿದಾಗ ಮೂಲೆಯಲ್ಲಿದ್ದ ಒಬ್ಬ ಮುದುಕ ಎದ್ದು, ಇಲ್ಲಿರುವ ನಿಮ್ಮಲ್ಲಿ ಹೆಂಡತಿಗೆ ನಿಷ್ಠನಾಗಿದ್ದವನು ಒಬ್ಬನಾದರೂ ಇದ್ದಾನೆಯೇ ಅಂತ ಕೇಳುತ್ತಾನೆ. ಕಥೆ ಕೇಳಿಸಿಕೊಂಡ ರೊಡೊಮೊಂಟೆ ಎಂಬ ವೀರನಿಗೆ ಆ ಮಾತು ಹಿಡಿಸುವುದಿಲ್ಲ. ಕಣ್ಣು ಕೆಂಪಗೆ ಮಾಡಿ ಮುದುಕನ ಬಾಯಿ ಮುಚ್ಚಿಸುತ್ತಾನೆ.

ನನಗೆ ಇಡೀ ಕಾವ್ಯದಲ್ಲಿ ಇಷ್ಟವಾದದ್ದು 43ನೇ ಸರ್ಗದ ಅನ್ಸೆಲ್ಮೊ. ಅವನು ನ್ಯಾಯಶಾಸ್ತ್ರ ಬಲ್ಲವನು. ಹೆಂಡತಿ ಆರ್ಜಿಯಾ ಒಬ್ಬ ಪ್ರಿಯಕರನಿಗೆ ಒಲಿದಳೆಂದು ಗೊತ್ತಾಗಿ ಅವಳನ್ನು ಕೊಲ್ಲಲು ಆಳನ್ನು ಕಳಿಸುತ್ತಾನೆ. ಅವಳು ಮಾಯವಾಗುತ್ತಾಳೆ. ಹುಡುಕುತ್ತ ಹೋದವನಿಗೆ ಒಂದು ಅದ್ಭುತ ಅರಮನೆ ಕಾಣುತ್ತದೆ. ಬಾಗಿಲಲ್ಲಿ ನಿಂತ ಕಪ್ಪು ಆಳು, ನನ್ನ ಜೊತೆ ಮಲಗಿದರೆ ಇದು ನಿನ್ನದು ಅನ್ನುತ್ತಾನೆ. ಅವನನ್ನು ಬಣ್ಣಿಸಿರುವುದರಲ್ಲಿ ಆ ಕಾಲದ ಕೊಳಕೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅನ್ಸೆಲ್ಮೊ ಛೀ ಥೂ ಅನ್ನುತ್ತಾನೆ. ಆಮೇಲೆ ಒಪ್ಪುತ್ತಾನೆ. ಆಗ ಮರೆಯಿಂದ ಹೆಂಡತಿ ಈಚೆ ಬರುತ್ತಾಳೆ. ನನ್ನದು ತಪ್ಪಾದರೆ ನಿನ್ನದು ನೂರು ಸಲ ಸಾಯುವ ತಪ್ಪು, ಬಾ, ಸಮಸಮ ಮಾಡಿಕೊಳ್ಳೋಣ ಅನ್ನುತ್ತಾಳೆ. ಇಬ್ಬರೂ ಕೂಡಿ ಬಾಳುತ್ತಾರೆ. ನಾನು ಬಲ್ಲ ಆ ಕಾಲದ ಕಥೆಗಳಲ್ಲಿ ತಕ್ಕಡಿ ಎರಡೂ ಕಡೆ ಸಮ ಬರುವುದು ಅಪರೂಪ. ಅದಕ್ಕೂ ಮಾಯದ ಅರಮನೆಯೇ ಬೇಕಾಯಿತು ನೋಡಿ.

ಈಗ, ಯಾಕೆ ಅನ್ನುವ ಪ್ರಶ್ನೆಗೆ. ನಮ್ಮಲ್ಲಿ ಗಂಡಸು ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಳ್ಳುತ್ತಾನೆ ಅನ್ನುತ್ತಾರಲ್ಲ, ಆ ನೀರು ಯಾವುದು ಅಂತ ಆ ಕಾಲದವರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. 1528ರಲ್ಲಿ ಅಚ್ಚಾದ, ಇಟಲಿಯ ಕಾಸ್ಟಿಲಿಯೋನೆ ಬರೆದ 'ದಿ ಕೋರ್ಟಿಯರ್' ಪುಸ್ತಕದಲ್ಲಿ ಉರ್ಬಿನೊ ಅರಮನೆಯ ಸಭ್ಯರು ಕೂತು ಹರಟುತ್ತಾರೆ. ನಾವು ಗಂಡಸರೇ ಒಂದು ಕಾನೂನು ಮಾಡಿಕೊಂಡಿದ್ದೇವೆ ಅಂತ ಅಲ್ಲೊಬ್ಬ ಒಪ್ಪಿಕೊಳ್ಳುತ್ತಾನೆ. ಅದರ ಪ್ರಕಾರ ನಾವು ಅಡ್ಡಾದಿಡ್ಡಿ ಬದುಕಿದರೆ ತಪ್ಪಲ್ಲ, ಹೆಂಗಸರು ಬದುಕಿದರೆ ಮಹಾ ಅವಮಾನ. ಕಾರಣವೂ ಆ ಹರಟೆಯಲ್ಲೇ ಬರುತ್ತದೆ. ಹೆಂಗಸರಿಗೆ ಅಂಕೆ ಇರದಿದ್ದರೆ ಮಕ್ಕಳು ಯಾರದು ಅಂತ ಗೊತ್ತಾಗುವುದು ಹೇಗೆ? ಆಸ್ತಿ, ಹೆಸರು, ವಂಶ ಎಲ್ಲ ಅಪ್ಪನ ಕಡೆಯಿಂದ ಇಳಿಯುವಾಗ ಹೆಂಡತಿಯ ಹಾಸಿಗೆ ಹೊಲದ ಬೇಲಿ ಇದ್ದಂತೆ.

ಮೋಸಹೋದ ಗಂಡನಿಗೆ ಇಂಗ್ಲಿಷಿನಲ್ಲಿ ಕಕಲ್ಡ್ ಅನ್ನುತ್ತಾರೆ. ಪದ ಬಂದಿರುವುದು ಕುಕ್ಕೂ ಹಕ್ಕಿಯಿಂದ. ಅದು ನಮ್ಮ ಕೋಗಿಲೆಯ ಹತ್ತಿರದ ನೆಂಟ, ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಕವಿಗಳಿಗೆ ಕೋಗಿಲೆ ಕೂಗಿದರೆ ವಸಂತ, ಮಾವಿನ ಚಿಗುರು. ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಕೊನೆಯ ಹಾಡಿನಲ್ಲಿ ಕುಕ್ಕೂ ಕೂಗಿದರೆ ಮದುವೆಯಾದ ಗಂಡಸರಿಗೆ ಎದೆ ಧಸಕ್ ಅನ್ನುತ್ತದೆ. ತಲೆ ಮೇಲೆ ಕೊಂಬು ಮೂಡಿದೆ ಅಂತ ಗೇಲಿ ಬೇರೆ. ಮೋಸಹೋದ ಹೆಂಡತಿಗೂ 16ನೇ ಶತಮಾನದಲ್ಲಿ ಕಕ್‌ಕ್ವೀನ್ ಅಂತ ಒಂದು ಪದ ಹುಟ್ಟಿತ್ತು. ಅದು ಬಳಕೆಯಲ್ಲಿ ಉಳಿಯಲಿಲ್ಲ. ಗಂಡ ಬೇರೆ ಕಡೆ ಹೋದರೆ ಹೆಂಡತಿಯ ಮಾನವೇನೂ ಹೋಗುತ್ತಿರಲಿಲ್ಲವಲ್ಲ, ಗೇಲಿಗೆ ಕೊಂಬೇ ಇಲ್ಲ.

ಇದು ಕಾನೂನಾಗಿ ಇಳಿದದ್ದನ್ನು ನೋಡಬೇಕಾದರೆ ಇಂಗ್ಲೆಂಡಿನ 1650ರ ಕಾಯ್ದೆ ನೋಡಿ. ಮದುವೆಯಾದ ಹೆಂಗಸು ಪರಪುರುಷನ ಜೊತೆ ಮಲಗಿದರೆ ಇಬ್ಬರಿಗೂ ಮರಣದಂಡನೆ. ಮದುವೆಯಾದ ಗಂಡಸು ಮದುವೆಯಾಗದವಳ ಜೊತೆ ಮಲಗಿದರೆ ಅದಕ್ಕೆ ಹಾದರ ಎಂಬ ಹೆಸರೇ ಇಲ್ಲ, ಮೂರು ತಿಂಗಳು ಜೈಲು. ನಮ್ಮ ದಂಡಸಂಹಿತೆಯ 497ನೇ ಕಲಮಿನಲ್ಲೂ ಈ ಬೇಲಿಯ ಲೆಕ್ಕ ಬೇರೆ ರೂಪದಲ್ಲಿತ್ತು. ಇನ್ನೊಬ್ಬನ ಹೆಂಡತಿಯನ್ನು ಆ ಗಂಡನ ಒಪ್ಪಿಗೆ ಇಲ್ಲದೆ ಕೂಡುವುದು ಅಪರಾಧವಾಗಿತ್ತು. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 2018ರ ಸೆಪ್ಟೆಂಬರಿನಲ್ಲಿ.

ಮತ್ತೆ ಡೆಸ್ಡಿಮೋನಾಗೆ ಬರೋಣ. ಅವಳು, 'ಮಚ್ ಅಡೊ ಅಬೌಟ್ ನಥಿಂಗ್'ನ ಹೀರೊ ಎಂಬ ಹುಡುಗಿ, 'ದಿ ವಿಂಟರ್ಸ್ ಟೇಲ್'ನ ಹರ್ಮಿಯೊನಿ, 'ಸಿಂಬೆಲಿನ್'ನ ಇಮೊಜೆನ್, ಎಲ್ಲರ ಮೇಲೂ ಒಂದೇ ಆರೋಪ. ಎಲ್ಲರೂ ನಿರಪರಾಧಿಗಳು. ನಾವು ಅವರಿಗಾಗಿ ಅಳುತ್ತೇವೆ, ಸರಿಯೇ. ಆದರೆ ಆ ಅಳುವಿಗೊಂದು ಷರತ್ತಿದೆ. ಡೆಸ್ಡಿಮೋನಾ ನಿಜಕ್ಕೂ ಕ್ಯಾಸಿಯೊನನ್ನು ಪ್ರೀತಿಸಿದ್ದರೆ? ಆಗ ಒಥೆಲೊ ಮಾಡಿದ್ದು ಸರಿಯಾಗುತ್ತಿತ್ತೇ? ನಾಟಕ ನಮ್ಮನ್ನು ಅಲ್ಲಿಯ ತನಕ ಕರೆದುಕೊಂಡು ಹೋಗುವುದಿಲ್ಲ.

ಕರೆದುಕೊಂಡು ಹೋಗುವ ನಾಟಕವೊಂದಿದೆ. ಥಾಮಸ್ ಹೇವುಡ್‌ನ 'ಎ ವುಮನ್ ಕಿಲ್ಡ್ ವಿತ್ ಕೈಂಡ್‌ನೆಸ್', ಆಡಿದ್ದು 1603ರಲ್ಲಿ, ಅಚ್ಚಾದದ್ದು 1607ರಲ್ಲಿ. ಇಲ್ಲಿ ರಾಜರಾಣಿಯರಿಲ್ಲ, ಊರಿನ ಅನುಕೂಲಸ್ಥ ಫ್ರಾಂಕ್‌ಫರ್ಡ್ ಮತ್ತು ಅವನ ಹೆಂಡತಿ ಆನ್. ವೆಂಡಾಲ್ ಎಂಬ ಸ್ನೇಹಿತನಿಗೆ ಮನೆಯಲ್ಲೇ ಜಾಗ ಕೊಟ್ಟಿದ್ದಾನೆ. ಆನ್ ಅವನಿಗೆ ಸೋಲುತ್ತಾಳೆ. ನಂಬಿಕೆಯ ಆಳಿನಿಂದ ವಿಷಯ ತಿಳಿದ ಗಂಡ ಮನೆಯ ಬೀಗಗಳಿಗೆಲ್ಲ ನಕಲಿ ಕೀಲಿ ಮಾಡಿಸುತ್ತಾನೆ. ಊರಿಗೆ ಹೋಗುವ ನಾಟಕವಾಡಿ ನಡುರಾತ್ರಿ ಮರಳುತ್ತಾನೆ. ತನ್ನದೇ ಮನೆಯಲ್ಲಿ ಕಳ್ಳನಂತೆ ಒಂದೊಂದೇ ಬಾಗಿಲು ತೆರೆಯುತ್ತಾ ಹೋಗುವ ಆ ದೃಶ್ಯ ಓದಿದರೆ ಮೈ ಜುಂ ಅನ್ನುತ್ತದೆ. ಮುಖ ಕೆಡಿಸಬೇಡ, ಕತ್ತಿಯಿಂದ ಕೊಚ್ಚಬೇಡ ಅಂತ ಆನ್ ಬೇಡುತ್ತಾಳೆ. ಅವನು ಬೆರಳೂ ಮುಟ್ಟಿಸುವುದಿಲ್ಲ. ಏಳು ಮೈಲಿ ದೂರದ ಇನ್ನೊಂದು ಮನೆಗೆ ಕಳಿಸುತ್ತಾನೆ. ಅವಳ ಬಟ್ಟೆಬರೆ, ಸಾಮಾನು ಎಲ್ಲ ಕೊಡುತ್ತಾನೆ. ಗಂಡನ ಮುಖ, ಮಕ್ಕಳ ಮುಖ ಮಾತ್ರ ಮತ್ತೆ ನೋಡುವ ಹಾಗಿಲ್ಲ. ಮನೆಯಲ್ಲಿ ಬಿಟ್ಟುಹೋದ ಲ್ಯೂಟ್ ವಾದ್ಯವನ್ನೂ ಆಳಿನ ಕೈಲಿ ದಾರಿಗೆ ಕಳಿಸುತ್ತಾನೆ. ಅವಳು ಒಂದು ಸಲ ನುಡಿಸಿ, ಗಾಡಿಯ ಚಕ್ರಕ್ಕೆ ಬಡಿದು ಒಡೆದುಹಾಕಿ ಅನ್ನುತ್ತಾಳೆ. ಅನ್ನನೀರು ಬಿಟ್ಟು ಸಾಯುತ್ತಾಳೆ. ಸಾಯುವ ಹಾಸಿಗೆಯ ಪಕ್ಕ ಗಂಡ ಬಂದು ಮತ್ತೆ ಹೆಂಡತಿ ಅಂತ ಕರೆಯುತ್ತಾನೆ.

ವೆಂಡಾಲ್ ಏನಾದ? ಸ್ವಲ್ಪ ಹೊತ್ತು ಪಶ್ಚಾತ್ತಾಪ ಪಡುತ್ತಾನೆ. ಆಮೇಲೆ ವಿದೇಶಕ್ಕೆ ಹೋಗುತ್ತೇನೆ, ನಾಲ್ಕು ಭಾಷೆ ಕಲಿಯುತ್ತೇನೆ, ಯಾರಾದರೂ ದೊಡ್ಡ ಮನುಷ್ಯರು ನನ್ನ ಗುಣ ಮೆಚ್ಚಿ ಹೊಗಳಿದರೆ ವಾಪಸು ಬಂದು ಅರಮನೆಯಲ್ಲಿ ಮೇಲೇರಬಹುದು ಅಂತ ಲೆಕ್ಕ ಹಾಕುತ್ತಾ ಹೊರಟುಹೋಗುತ್ತಾನೆ. ಅವನ ಪಾತ್ರ ಅಲ್ಲಿಗೆ ಮುಗಿಯಿತು. ಒಬ್ಬಳಿಗೆ ಗೋರಿ, ಒಬ್ಬನಿಗೆ ಬಡ್ತಿಯ ಕನಸು. ಹೇವುಡ್ ಇದನ್ನು ಬೇಕೆಂದೇ ಹಾಗೆ ಪಕ್ಕಪಕ್ಕ ಇಟ್ಟ ಅಂತ ನನ್ನ ನಂಬಿಕೆ. ಗಂಡ ಒಳ್ಳೆಯವನು ಅಂತ ಮೆಚ್ಚಿ ಮನೆಗೆ ಹೋದ ಪ್ರೇಕ್ಷಕರೇ ಜಾಸ್ತಿ ಇದ್ದಿರಬೇಕು.

ಷರತ್ತಿಲ್ಲದ ಕ್ಷಮೆ ಎಲ್ಲೂ ಇಲ್ಲವೇ? ಇದೆ, ಒಂದೇ ಕ್ಷಣ. 'ಸಿಂಬೆಲಿನ್' ನಾಟಕದ ಐದನೇ ಅಂಕದ ಮೊದಲಲ್ಲಿ ಇಮೊಜೆನ್‌ಳ ಗಂಡ ಪೋಸ್ಟ್ಯುಮಸ್ ರಕ್ತ ಮೆತ್ತಿದ ಬಟ್ಟೆ ಹಿಡಿದು ನಿಂತಿದ್ದಾನೆ. ಹೆಂಡತಿಯನ್ನು ಕೊಲ್ಲಿಸಿದೆ ಅಂದುಕೊಂಡಿದ್ದಾನೆ. ಅವಳು ತಪ್ಪು ಮಾಡಿದ್ದಾಳೆ ಅಂತಲೇ ಆಗಲೂ ನಂಬಿದ್ದಾನೆ. ಆದರೂ ಸಭೆಯ ಕಡೆ ತಿರುಗಿ, ಮದುವೆಯಾದವರೇ, ನೀವೆಲ್ಲ ನನ್ನ ಹಾಗೆ ಮಾಡಿದರೆ, ಒಂದಿಷ್ಟು ದಾರಿ ತಪ್ಪಿದ್ದಕ್ಕೆ ತಮಗಿಂತ ಎಷ್ಟೋ ಒಳ್ಳೆಯ ಹೆಂಡಂದಿರನ್ನು ಎಷ್ಟು ಜನ ಕೊಂದಾರು ಅನ್ನುತ್ತಾನೆ. ಹೆಂಡತಿ ಶುದ್ಧಳೆಂದು ತಿಳಿಯುವ ಮೊದಲೇ ಪಶ್ಚಾತ್ತಾಪಪಡುವ ಗಂಡ. ಒಥೆಲೊಗೆ ಇದು ಸಾಧ್ಯವಾಗಲಿಲ್ಲ, ಸಾಕ್ಷಿ ಸಿಕ್ಕ ಮೇಲೆ ಅತ್ತ.

ಬರೆದ ಹೆಂಗಸರು ಏನಂದರು ಅಂತಲೂ ಕೇಳಬೇಕು. ಫ್ರಾನ್ಸಿನ ರಾಜನ ಅಕ್ಕ, ನವಾರ್‌ನ ಮಾರ್ಗರೀಟ್, 'ಹೆಪ್ಟಮೆರಾನ್' ಎಂಬ ಕಥಾಸಂಗ್ರಹ ಬರೆದಳು. ಅವಳು ತೀರಿಕೊಂಡ ಮೇಲೆ, 1558ರಲ್ಲಿ ಮೊದಲು ಅಚ್ಚಾಯಿತು. ಅದರ 32ನೇ ಕಥೆಯಲ್ಲಿ ತಪ್ಪಿತಸ್ಥ ಹೆಂಡತಿ ತಲೆ ಬೋಳಿಸಿಕೊಂಡು ಕಪ್ಪು ಬಟ್ಟೆಯಲ್ಲಿ ಊಟಕ್ಕೆ ಬರುತ್ತಾಳೆ. ಸತ್ತ ಪ್ರಿಯಕರನ ತಲೆಬುರುಡೆಗೆ ಬೆಳ್ಳಿ ಕಟ್ಟಿದ ಬಟ್ಟಲಲ್ಲಿ ಅವಳು ನೀರು ಕುಡಿಯಬೇಕು. ಕಥೆ ಮುಗಿದ ಮೇಲೆ ಕೇಳಿದವರು ವಾದಕ್ಕೆ ಇಳಿಯುತ್ತಾರೆ. ಶಿಕ್ಷೆ ಸರಿಯಾಗಿಯೇ ಇದೆ ಅನ್ನುವವಳು ಒಬ್ಬ ಹೆಂಗಸು! ಸಾಯುವುದಕ್ಕಿಂತ ಬದುಕಿದ್ದು ತಿದ್ದಿಕೊಳ್ಳುವುದು ಮೇಲು, ಒಂದು ಕಾಲದಲ್ಲಿ ಪಾಪಿ ಅನ್ನಿಸಿಕೊಂಡಿದ್ದ ಬೈಬಲ್ಲಿನ ಮಗ್ದಲೇನಳನ್ನು ಈಗ ಜನ ಪೂಜಿಸುವುದಿಲ್ಲವೇ ಅಂತ ಇನ್ನೊಬ್ಬಳು ಎದುರಾಡುತ್ತಾಳೆ. ವೆನಿಸ್ಸಿನ ಮೊಡೆರಾಟಾ ಫೊಂಟೆಯ ಪುಸ್ತಕದಲ್ಲಿ, ಅದು ಬಂದದ್ದು 1600ರಲ್ಲಿ, ತೋಟದಲ್ಲಿ ಏಳು ಹೆಂಗಸರು ಮಾತ್ರ ಕೂತು ಗಂಡಸರ ಬಗ್ಗೆ ಮಾತಾಡುತ್ತಾರೆ. ಒಬ್ಬ ಗಂಡಸಿಗೂ ಅಲ್ಲಿ ಪ್ರವೇಶವಿಲ್ಲ.

ಇನ್ನು ಏನು ಓದಬೇಕು ಅಂದಿರಿ. ಫಿಲಿಪ್ಪಾಳ ಕಥೆಯಿಂದ ಶುರು ಮಾಡಿ, ನಾಲ್ಕೈದು ಪುಟ ಅಷ್ಟೇ. ಹೇವುಡ್‌ನ ನಾಟಕವನ್ನು ಗುಂಪಿನಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಕೊನೆಗೆ 'ಕಾಮಿಡಿ ಆಫ್ ಎರರ್ಸ್' ಕೈಗೆತ್ತಿಕೊಳ್ಳಿ, ಅದನ್ನು ಬರೀ ನಗೆನಾಟಕ ಅಂತ ಪಕ್ಕಕ್ಕಿಟ್ಟುಬಿಡುತ್ತಾರೆ. ಗಂಡ ಊಟದ ಹೊತ್ತಿಗೂ ಮನೆಗೆ ಬಂದಿಲ್ಲ. ಅವರಿಗೆ ನಮಗಿಂತ ಜಾಸ್ತಿ ಸ್ವಾತಂತ್ರ್ಯ ಯಾಕೆ ಅಂತ ಏಡ್ರಿಯಾನಾ ಕೇಳುತ್ತಾಳೆ. ಅವರ ಕೆಲಸ ಹೊರಗಡೆ ಇರುತ್ತಲ್ಲ ಅಂತ ಇನ್ನೂ ಮದುವೆಯಾಗದ ತಂಗಿ ಬುದ್ಧಿ ಹೇಳುತ್ತಾಳೆ. ಕೊನೆಯ ಅಂಕದಲ್ಲಿ ಮಠದ ತಾಯಿಯೊಬ್ಬರು, ಗಂಡನನ್ನು ಸರಿಯಾಗಿ ಬೈದೆಯಾ ಅಂತ ನಯವಾಗಿ ಕೇಳಿ, ಊಟದಲ್ಲಿ ಮಲಗುವಲ್ಲಿ ಎಲ್ಲ ಬೈದೆ ಅಂತ ಇವಳ ಬಾಯಿಂದಲೇ ಹೊರಡಿಸಿ, ಅದಕ್ಕೇ ಅವನಿಗೆ ಹುಚ್ಚು ಹಿಡಿದಿದ್ದು ಅಂತ ತಿರುಗಿಬೀಳುತ್ತಾರೆ. ನಡುವೆ ಎರಡನೇ ಅಂಕದಲ್ಲಿ ಅವಳ ಒಂದು ದೊಡ್ಡ ಮಾತಿದೆ. ನಾನು ಹೀಗೆ ಹಾದಿ ತಪ್ಪಿದೆ ಅಂತ ನಿನ್ನ ಕಿವಿಗೆ ಬಿದ್ದಿದ್ದರೆ ನೀನು ನನ್ನ ಮೇಲೆ ಉಗುಳುತ್ತಿರಲಿಲ್ಲವೇ, ಒದೆಯುತ್ತಿರಲಿಲ್ಲವೇ, ಬೆರಳಿನ ಉಂಗುರ ಕಿತ್ತುಕೊಳ್ಳುತ್ತಿರಲಿಲ್ಲವೇ ಅಂತ ಗಂಡನನ್ನು ಹಿಡಿ ಹಿಡಿದು ಕೇಳುತ್ತಾಳೆ. ಪಾಪ, ಎದುರಿಗೆ ನಿಂತಿರುವವನು ಅವಳ ಗಂಡನಲ್ಲ, ಅವನ ಅವಳಿ ತಮ್ಮ. ಬೆಳಗ್ಗೆ ತಾನೇ ಆ ಊರಿಗೆ ಬಂದಿಳಿದವನು. ಅಮ್ಮಾ, ನೀವು ಯಾರೆಂದೇ ನನಗೆ ಗೊತ್ತಿಲ್ಲ ಅನ್ನುತ್ತಾನೆ.